ಗೋವೆಯ ಕಡತಗಳಿಗೆ ದಾರಿ ಮಾಡಿದ ಡಾ. ಪಾಂಡುರಂಗ ಪಿಸುರ್ಲೇಕರ್



ಕಾರವಾರ, ಸದಾಶಿವಗಡ, ಕಾಣಕೋಣ, ಫೋಂಡಾ ಕಡೆಯ ನಮ್ಮ ಊರುಗಳ ಹಳೆಯ ಕಥೆಯ ದೊಡ್ಡದೊಂದು ಭಾಗ ಪಣಜಿಯ ಪತ್ರಾಗಾರದಲ್ಲಿ ಪೋರ್ಚುಗೀಸ್ ಭಾಷೆಯಲ್ಲಿದೆ. ಆ ಕಡತಗಳಲ್ಲಿ ಏನಿದೆ, ಎಲ್ಲಿದೆ ಎಂದು ಹುಡುಕಿ ಪಟ್ಟಿ ಮಾಡಿ ಲೋಕಕ್ಕೆ ತೋರಿಸಿದವರು ಡಾ. ಪಾಂಡುರಂಗ ಸಖಾರಾಮ ಶೆಣವಿ ಪಿಸುರ್ಲೇಕರ್. ಈ ಸಲ ಅವರ ಪರಿಚಯ.

ಪಿಸುರ್ಲೇಕರ್ ಹುಟ್ಟಿದ್ದು 1894ರ ಮೇ 30ರಂದು, ಸತ್ತರಿ ತಾಲೂಕಿನ ಪಿಸುರ್ಲೆ ಗ್ರಾಮದಲ್ಲಿ. ಆಗ ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ. 1910ರಲ್ಲಿ ಪೋರ್ಚುಗಲ್ಲಿನಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದ ಮೇಲೆ ಗೋವೆಯ ಹಿಂದೂಗಳಿಗೆ ಸಮಾನ ಹಕ್ಕು ಸಿಕ್ಕಿತು, ಸರಕಾರಿ ಕೆಲಸದ ಬಾಗಿಲು ತೆರೆಯಿತು. ಆ ತಲೆಮಾರಿನ ಪಿಸುರ್ಲೇಕರರು ಮರಾಠಿ, ಸಂಸ್ಕೃತದ ಜೊತೆಗೆ ಪೋರ್ಚುಗೀಸ್ ಭಾಷೆಯನ್ನೂ ಚೆನ್ನಾಗಿ ಕಲಿತರು. ವಾಸ್ಕೋ ಡ ಗಾಮಾ ಸಂಸ್ಥೆಯ ಪತ್ರಿಕೆಯಲ್ಲಿ ಪೋರ್ಚುಗೀಸರು ಮತ್ತು ಮರಾಠರ ಸಂಬಂಧದ ಬಗ್ಗೆ ಲೇಖನಮಾಲೆ ಬರೆದು ಹೆಸರಾದರು. 1930ರ ಸುಮಾರಿಗೆ ಪತ್ರಾಗಾರದ ಹೊಣೆ ಅವರಿಗೆ ಬಂತು. 1961ರವರೆಗೂ ಅವರು ಅದನ್ನು ನೋಡಿಕೊಂಡರು.

ಈ ಪತ್ರಾಗಾರ ಶುರುವಾಗಿದ್ದು 1595ರಲ್ಲಿ. ಅಲ್ಲಿಯವರೆಗೆ ಒಬ್ಬ ವೈಸರಾಯ್ ಹೋಗಿ ಇನ್ನೊಬ್ಬ ಬಂದರೆ ಹಳಬನ ಕಾಗದಪತ್ರ ಎಲ್ಲಿ ಹೋಯಿತು ಎಂದು ಕೇಳುವವರಿರಲಿಲ್ಲ. ಅದಕ್ಕಾಗಿ ಇತಿಹಾಸಕಾರ ದಿಯೋಗೊ ದೊ ಕೌಟೊ ಎಂಬಾತನನ್ನು ಮೊದಲ ಪತ್ರಪಾಲಕನಾಗಿ ನೇಮಿಸಲಾಯಿತು. ಲಿಸ್ಬನ್ನಿನ ಅರಸನಿಗೂ ಗೋವೆಯ ವೈಸರಾಯರಿಗೂ ನಡೆದ ಪತ್ರವ್ಯವಹಾರದ ಸಂಪುಟಗಳಿಗೆ ಮುಂಗಾರಿನ ಪುಸ್ತಕಗಳೆಂದೇ ಹೆಸರು, ಏಕೆಂದರೆ ಹಡಗುಗಳು ಮಾರುತ ನೋಡಿಕೊಂಡೇ ಬಂದು ಹೋಗುತ್ತಿದ್ದವು. ನೆರೆಯ ಅರಸರಿಗೆ ಬರೆದ ಪತ್ರಗಳಿಗೆ ಬೇರೆಯೇ ಸಂಪುಟಗಳಿವೆ. ಹಳ್ಳಿಯ ಸಮುದಾಯಗಳು ಗೋಯ್‌ಕಾನಡಿ ಲಿಪಿಯಲ್ಲಿ ಬರೆದಿಟ್ಟ ದಾಖಲೆಗಳೂ ಇವೆ. ಈ ಲಿಪಿ ನಮ್ಮ ಕನ್ನಡ ಲಿಪಿಯ ಹತ್ತಿರದ ನೆಂಟ.

ಆದರೆ ಕಾಗದ ಇದ್ದರೆ ಸಾಲದು. 18ನೇ ಶತಮಾನದ ಕೊನೆಯ ಭಾಗದಲ್ಲಿ ಮುಂಗಾರಿನ ಪುಸ್ತಕಗಳ 62 ಸಂಪುಟಗಳನ್ನು ಲಿಸ್ಬನ್ನಿಗೆ ಸಾಗಿಸಲಾಯಿತು; ಅವು ಇಂದಿಗೂ ಅಲ್ಲೇ ಇವೆ. ಇಲ್ಲಿ ಉಳಿದದ್ದಕ್ಕೆ ಗೆದ್ದಲು ಮತ್ತು ಮಳೆಗಾಲದ ತೇವದ ಕಾಟ. ಪಟ್ಟಿ ಇಲ್ಲದ ಕಡತ ಇದ್ದೂ ಇಲ್ಲದಂತೆ. ಪಿಸುರ್ಲೇಕರರು ಕೈಹಾಕಿದ್ದು ಇದೇ ಕೆಲಸಕ್ಕೆ. ಸಂಪುಟ ಸಂಪುಟವನ್ನೂ ತೆರೆದು ಓದಿ, ವಿಂಗಡಿಸಿ, 1955ರಲ್ಲಿ ಇಡೀ ಪತ್ರಾಗಾರಕ್ಕೆ ಒಂದು ಮಾರ್ಗದರ್ಶಿ ಪ್ರಕಟಿಸಿದರು. ವೈಸರಾಯರು ತಮ್ಮ ರಾಜ್ಯ ಮಂಡಳಿಯೊಡನೆ 1618ರಿಂದ 1750ರವರೆಗೆ ಕೈಗೊಂಡ ನಿರ್ಣಯಗಳನ್ನು 1953ರಿಂದ 1957ರೊಳಗೆ 5 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1952ರಲ್ಲಿ ಬಂದ ಇನ್ನೊಂದು ಗ್ರಂಥದಲ್ಲಿ ಪೋರ್ಚುಗೀಸರ ಪರವಾಗಿ ನೆರೆಯ ದರ್ಬಾರುಗಳೊಡನೆ ಮಾತುಕತೆ ನಡೆಸಿದ ಹಿಂದೂ, ಮುಸ್ಲಿಂ, ಯಹೂದಿ, ಪಾರ್ಸಿ ದುಭಾಷಿಗಳನ್ನೂ ದೂತರನ್ನೂ ಬೆಳಕಿಗೆ ತಂದರು. ವೈಸರಾಯರ ಹೆಸರಿನ ಹಿಂದೆ ದುಡಿದವರು ನಮ್ಮ ನೆಲದವರೇ ಎಂಬುದು ಇದರಿಂದ ಗೊತ್ತಾಯಿತು.

ಕನ್ನಡಿಗರಾದ ನಮಗೆ ಇದರಲ್ಲಿ ಏನಿದೆ? ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ಕೆಳದಿಯ ಶಿವಪ್ಪನಾಯಕ 1650ರ ದಶಕದಲ್ಲಿ ಅವರನ್ನು ಅಲ್ಲಿಂದ ಓಡಿಸಿದ. ಗೋವೆಯ ಅನ್ನದ ಅಕ್ಕಿ ಕರಾವಳಿಯಿಂದಲೇ ಹೋಗಬೇಕಾಗಿತ್ತು, ಹಾಗಾಗಿ ಜಗಳವಾದರೂ ಮತ್ತೆ ಒಪ್ಪಂದ. 1760ರ ದಶಕದಲ್ಲಿ ಹೈದರಾಲಿಗೆ ರಾಜ್ಯ ಕಳೆದುಕೊಂಡ ಸೋದೆಯ ಅರಸರು ಗೋವೆಯಲ್ಲಿ ಆಶ್ರಯ ಪಡೆದು ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಸಿದರು. ಇವಕ್ಕೆಲ್ಲ ಸಂಬಂಧಪಟ್ಟ ಪತ್ರಗಳು ಪಣಜಿಯಲ್ಲಿವೆ. ಮುಂದೆ ಗೋವಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಡಾ. ಬಿ. ಎಸ್. ಶಾಸ್ತ್ರಿಯವರು ಕೆನರಾ ಮತ್ತು ಪೋರ್ಚುಗೀಸರ 1498ರಿಂದ 1763ರವರೆಗಿನ ಸಂಬಂಧದ ಬಗ್ಗೆ ಪುಸ್ತಕವನ್ನೇ ಬರೆದರು.

1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು. ಆಳುವವರು ಹಡಗು ಹತ್ತಿದರು, ಕಡತಗಳು ಪಣಜಿಯಲ್ಲೇ ಉಳಿದವು. ಪಿಸುರ್ಲೇಕರರು 1969ರ ಜುಲೈ 10ರಂದು ತೀರಿಕೊಂಡರು. ಅವರ ಸ್ವಂತ ಪುಸ್ತಕ ಸಂಗ್ರಹ ಈಗ ಗೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರ ಹೆಸರಿನಲ್ಲೇ ಇದೆ.

ಪರಭಾಷೆಯ, ಪರರಾಜ್ಯದ ಕಾಗದವೆಂದು ಅವರು ಅದನ್ನು ದೂರ ಇಡಲಿಲ್ಲ; ನಮ್ಮ ಜನರ ಬದುಕು ಅದರಲ್ಲಿದೆ ಎಂದು ನಂಬಿ ಓದಿದರು. ಕೆಳದಿ, ಸೋದೆಗಳ ಬಗ್ಗೆ ಇನ್ನೂ ಓದಬೇಕಾದ ಪುಟಗಳು ಬಹಳ ಇವೆ. ಕನ್ನಡ, ಕೊಂಕಣಿ ಎರಡೂ ಬಲ್ಲ ನಮ್ಮ ಗಡಿ ಊರುಗಳ ಮಕ್ಕಳು ಪೋರ್ಚುಗೀಸ್ ಒಂದನ್ನು ಕಲಿತರೆ ಆ ಕೆಲಸಕ್ಕೆ ಅವರಿಗಿಂತ ಹೇಳಿಮಾಡಿಸಿದವರು ಸಿಗಲಾರರು. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ವಿಭಾಗವಿದೆ. ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ ದಯವಿಟ್ಟು ಈ ವಿಷಯ ತಿಳಿಸಿ. ಹಾಗೆಯೇ ನಿಮ್ಮ ಊರಿನ ಸಂಘದ ಹಳೆಯ ನಡಾವಳಿ ಪುಸ್ತಕ, ಆಮಂತ್ರಣ ಪತ್ರಿಕೆ, ಫೋಟೋಗಳು ಎಲ್ಲಿವೆ ಎಂದು ಒಮ್ಮೆ ನೋಡಿ, ಒಂದು ಪಟ್ಟಿ ಮಾಡಿಡಿ.