ಗಣಿತಜ್ಞ ಅಲನ್ ಟ್ಯೂರಿಂಗ್ ಮತ್ತು ಯಂತ್ರದ ಲೆಕ್ಕದ ತಪಾಸಣೆ

ಗಣಕಯಂತ್ರ ಯುಗದ ಪ್ರವರ್ತಕರಲ್ಲಿ ಅಗ್ರಗಣ್ಯರಾದ ಅಲನ್ ಮ್ಯಾಥಿಸನ್ ಟ್ಯೂರಿಂಗ್ ಅವರು 1912ರ ಜೂನ್ 23ರಂದು ಲಂಡನ್ ನಗರದಲ್ಲಿ ಜನಿಸಿದರು. ಅವರ ಮನೆತನಕ್ಕೆ ದಕ್ಷಿಣ ಭಾರತದ ನಂಟು ಗಾಢವಾಗಿತ್ತು. ತಂದೆ ಜೂಲಿಯಸ್ ಮದರಾಸು ಪ್ರಾಂತದಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿ. ತಾಯಿ ಈಥೆಲ್ ಸಾರಾ, ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರ್ ಎಡ್ವರ್ಡ್ ವಾಲರ್ ಸ್ಟೋನಿಯವರ ಮಗಳು. ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದ ಹಿರಿಮೆ ಈ ಅಜ್ಜನದು. ತಂದೆತಾಯಿಗಳು ಭಾರತದಲ್ಲಿದ್ದುದರಿಂದ ಬಾಲಕನು ಅನೇಕ ವರ್ಷ ಪರರ ಮನೆಯ ಆಶ್ರಯದಲ್ಲಿ ಬೆಳೆಯಬೇಕಾಯಿತು.

1926ರಲ್ಲಿ ಅವರು ಶೆರ್ಬೋರ್ನ್ ಶಾಲೆಯನ್ನು ಸೇರಿದರು. ಬುದ್ಧಿ ಅಸಾಧಾರಣವಾಗಿದ್ದರೂ ಅಕ್ಷರ ಅಂದವಾಗಿರಲಿಲ್ಲ. ಬರವಣಿಗೆಯಲ್ಲಿ ಅಚ್ಚುಕಟ್ಟಿಲ್ಲವೆಂಬುದು ಅಧ್ಯಾಪಕರ ದೂರಾಗಿತ್ತು. ಮುಂದೆ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, 1936ರ ಪ್ರಬಂಧದಲ್ಲಿ ಸಾರ್ವತ್ರಿಕ ಗಣನಯಂತ್ರದ ಕಲ್ಪನೆಯನ್ನು ಮಂಡಿಸಿದರು. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿದ್ದು ಜರ್ಮನರ ಎನಿಗ್ಮಾ ಗೂಢಲಿಪಿಯನ್ನು ಭೇದಿಸಲು ನೆರವಾದರು. ಅಲ್ಲಿ ಅವರ ಬಾಂಬ್ ಎಂಬ ಯಂತ್ರವು ಒಂದು ಉತ್ತರವನ್ನು ಸೂಚಿಸಿ ನಿಂತರೆ ಅದನ್ನು ಒಡನೆಯೇ ನಂಬುತ್ತಿರಲಿಲ್ಲ. ಬೇರೆಯಾಗಿ ಪರೀಕ್ಷಿಸಿದ ಬಳಿಕವೇ ಅಂಗೀಕರಿಸುತ್ತಿದ್ದರು.

ಯುದ್ಧಾನಂತರ ಟ್ಯೂರಿಂಗ್ ಗಣಕಯಂತ್ರಗಳ ರಚನೆಯಲ್ಲಿ ನಿರತರಾದರು. 1949ರ ಜೂನ್ 24ರಂದು ಕೇಂಬ್ರಿಡ್ಜಿನ ಸಮ್ಮೇಳನವೊಂದರಲ್ಲಿ, ದೀರ್ಘವಾದ ಕ್ರಮವಿಧಿಯು ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. ಅವರು ಆರಿಸಿಕೊಂಡ ಉಪಮಾನ ಪ್ರಾಥಮಿಕ ಶಾಲೆಯ ಸಂಕಲನ. ದೊಡ್ಡ ಸಂಖ್ಯೆಗಳನ್ನು ಕೂಡಿ ಮೊತ್ತವನ್ನಷ್ಟೇ ಬರೆದರೆ ಪರೀಕ್ಷಕನು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ದಶಕಗಳನ್ನೂ ಬರೆದಿಟ್ಟರೆ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ತಪಾಸಣೆ ಮಾಡಬಹುದು. ಹಾಗೆಯೇ ಕ್ರಮವಿಧಿಯನ್ನು ಬರೆಯುವವನು ಅದರ ಪ್ರತಿ ಹಂತದಲ್ಲಿ ಏನು ಸತ್ಯವಾಗಿರಬೇಕೆಂಬುದನ್ನು ನಮೂದಿಸಬೇಕು. ಭಾಗಗಳ ಸತ್ಯದಿಂದ ಇಡಿಯ ಸತ್ಯವು ಸಿದ್ಧಿಸಬೇಕು. ಅಕ್ಷರಕ್ಕಾಗಿ ದೂರು ಕೇಳಿದ್ದ ವಿದ್ಯಾರ್ಥಿಯೇ, ಇನ್ನೊಬ್ಬರು ಪರಿಶೀಲಿಸುವಂತೆ ಬರೆಯಿರೆಂದು ಜಗತ್ತಿಗೆ ಕಲಿಸಿದರು. ಮೂರೇ ಪುಟಗಳ ಆ ಲೇಖನ ಮುದ್ರಣದೋಷಗಳಿಂದ ತುಂಬಿತ್ತೆಂಬುದು ವಿಪರ್ಯಾಸ. 1984ರಲ್ಲಿ ವಿದ್ವಾಂಸರಿಬ್ಬರು ಅದನ್ನು ತಿದ್ದಿ ಪ್ರಕಟಿಸಿದರು.

ಟ್ಯೂರಿಂಗ್ ಹೇಳಿದ್ದು ತರ್ಕದ ಸಾಧನೆಯನ್ನು. ಇಂದಿನ ತಂತ್ರಾಂಶ ಪರೀಕ್ಷೆ ಪ್ರಯೋಗದ ಮಾರ್ಗ. ಆದರೂ ಬಿಡಿಯಿಂದ ಇಡಿಗೆ ಸಾಗುವ ನೀತಿ ಎರಡಕ್ಕೂ ಸಮಾನ. ಶಾಲೆಯ ಅಂಕಪಟ್ಟಿಯನ್ನು ಸಿದ್ಧಪಡಿಸುವ ತಂತ್ರಾಂಶವನ್ನು ಭಾವಿಸೋಣ. ಅಂಕಗಳನ್ನು ಕೂಡುವ ಭಾಗವೊಂದನ್ನೇ ಪರೀಕ್ಷಿಸುವುದು ಮೊದಲ ಮಟ್ಟ. ಆ ಭಾಗವೂ ಅಂಕಗಳ ಸಂಗ್ರಹವೂ ಪರಸ್ಪರ ಹೊಂದುವುವೇ ಎಂದು ನೋಡುವುದು ಎರಡನೆಯದು. ಅಧ್ಯಾಪಕರು ಅಂಕ ತುಂಬಿದಂದಿನಿಂದ ಪಟ್ಟಿ ಅಚ್ಚಾಗುವವರೆಗೆ ಸಮಗ್ರವಾಗಿ ಪರೀಕ್ಷಿಸುವುದು ಮೂರನೆಯದು. ಗೈರುಹಾಜರಾದವನ ಸ್ಥಾನವನ್ನು ಒಂದು ಭಾಗ ಖಾಲಿ ಬಿಟ್ಟು, ಇನ್ನೊಂದು ಅದನ್ನು ಸೊನ್ನೆಯೆಂದು ಓದಿದರೆ, ಎರಡೂ ಬಿಡಿಯಾಗಿ ನಿರ್ದೋಷವಾಗಿದ್ದರೂ ವಿದ್ಯಾರ್ಥಿಯ ಒಂದು ವರ್ಷ ವ್ಯರ್ಥವಾದೀತು. ಈ ದೋಷ ಮೊದಲ ಮಟ್ಟದಲ್ಲಿ ಕಾಣದು. ಸಮಗ್ರ ಪರೀಕ್ಷೆಯಾದರೋ ತಪ್ಪಿದೆಯೆಂದು ಹೇಳುತ್ತದೆ, ಎಲ್ಲಿದೆಯೆಂದು ಸುಲಭವಾಗಿ ಹೇಳದು. ಕಾಲವನ್ನೂ ಹೆಚ್ಚು ಬೇಡುತ್ತದೆ. ಆದಕಾರಣ ಶೀಘ್ರವಾದ ಬಿಡಿ ಪರೀಕ್ಷೆಗಳು ಹಲವು, ಜೋಡಣೆಯವು ಕೆಲವು, ಸಮಗ್ರವಾದವು ಅತ್ಯಲ್ಪ ಎಂಬುದು ರೂಢಿಗೆ ಬಂದಿದೆ. ಇವೂ ಕ್ರಮವಿಧಿಗಳೇ ಆದುದರಿಂದ ಪ್ರತಿ ತಿದ್ದುಪಡಿಯ ನಂತರ ಯಂತ್ರವೇ ಇವನ್ನು ನಡೆಸುತ್ತದೆ.

ಇಂತಹ ಮೇಧಾವಿಯ ಅಂತ್ಯ ದಾರುಣವಾದುದು. ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ ಅಂದಿನ ಬ್ರಿಟಿಷ್ ಕಾನೂನು 1952ರಲ್ಲಿ ಅವರನ್ನು ಶಿಕ್ಷಿಸಿತು. 1954ರ ಜೂನ್ 7ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಅವರು ಸಯನೈಡ್ ವಿಷದಿಂದ ಮೃತರಾದರು. ತಪ್ಪಿದ್ದುದು ಕಾನೂನಿನಲ್ಲಿ, ದಂಡ ತೆತ್ತವರು ಅವರು. ರಾಜಕ್ಷಮೆ ದೊರೆತದ್ದು 2013ರಲ್ಲಿ. ಗಣಕ ವಿಜ್ಞಾನದ ಪರಮೋಚ್ಚ ಪುರಸ್ಕಾರವನ್ನು 1966ರಿಂದ ಅವರ ಹೆಸರಿನಲ್ಲಿಯೇ ನೀಡಲಾಗುತ್ತಿದೆ.

ಅಂದೋಲಾದ ಶಾಲೆಯ ಹಲಗೆಯ ಮೇಲಾಗಲಿ ಮಹಾನಗರದ ಗಣಕದ ಮುಂದಾಗಲಿ, ಲೆಕ್ಕದ ಧರ್ಮ ಒಂದೇ. ದಶಕವನ್ನು ಬರೆಯದೆ ಉತ್ತರವನ್ನಷ್ಟೇ ಒಪ್ಪಿಸುವ ಮಗುವನ್ನು ತಡೆದು, ಹಂತಗಳನ್ನು ಬರೆಯಿಸುವ ಗುರುಗಳು ಟ್ಯೂರಿಂಗ್ ಅವರ ಪಾಠವನ್ನೇ ಬೋಧಿಸುತ್ತಿದ್ದಾರೆ.