ಮಣ್ಣು ಅಂಟದ ನೇಗಿಲು

ಹಸಿರು ಟ್ರ್ಯಾಕ್ಟರ್ ಮೇಲೆ ಜಿಗಿಯೋ ಜಿಂಕೆಯ ಗುರುತನ್ನ ನೀವೆಲ್ಲ ನೋಡಿರ್ತೀರಾ. ಜಾನ್ ಡೀರ್ ಅನ್ನೋದು ಬರೀ ಕಂಪನಿ ಹೆಸರಲ್ಲ. ಅದು ಸಾಲ ತಲೆ ಮೇಲೆ ಬಂದು ಊರು ಬಿಟ್ಟ ಒಬ್ಬ ಕಮ್ಮಾರನ ಹೆಸರು.

ಡೀರ್ ಹುಟ್ಟಿದ್ದು 1804ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಅವನು ಚಿಕ್ಕವನಿದ್ದಾಗಲೇ ಹಡಗು ಹತ್ತಿ ಹೋದ ಅಪ್ಪ ವಾಪಸ್ ಬರಲೇ ಇಲ್ಲ. ಅಮ್ಮ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. 17ನೇ ವಯಸ್ಸಿಗೆ ಡೀರ್ ಕಮ್ಮಾರಿಕೆ ಕಲಿಯೋಕೆ ಸೇರಿದ. ಮುಂದೆ ಸ್ವಂತ ಕುಲುಮೆ ಹಾಕಿದ, ಅದು ಬೆಂಕಿಗೆ ಸುಟ್ಟುಹೋಯ್ತು. ಮತ್ತೆ ಕಟ್ಟಿದ, ಮತ್ತೆ ಸುಟ್ಟಿತು. ಉಳಿದದ್ದು ಸಾಲ ಮಾತ್ರ.

1836ರಲ್ಲಿ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು, ಪಶ್ಚಿಮದ ಇಲಿನಾಯ್ ರಾಜ್ಯಕ್ಕೆ ಹೊರಟ. ಅಲ್ಲಿ ವಲಸೆ ಬಂದ ರೈತರು ಗ್ರ್ಯಾಂಡ್ ಡಿಟೂರ್ ಅನ್ನೋ ಹೊಸ ಊರು ಕಟ್ಟುತ್ತಿದ್ದರು. ಕಮ್ಮಾರನಿಗೆ ಕೈತುಂಬಾ ಕೆಲಸ. ಎರಡು ವರ್ಷದ ನಂತರ ಸಂಸಾರವೂ ಬಂದು ಸೇರಿತು.

ರಿಪೇರಿಗೆ ಬರುತ್ತಿದ್ದ ರೈತರ ದೂರು ಒಂದೇ. ಪೂರ್ವದಿಂದ ತಂದ ಎರಕದ ಕಬ್ಬಿಣದ ನೇಗಿಲು ಅಲ್ಲಿನ ಮರಳುಮಣ್ಣಲ್ಲಿ ಚೆನ್ನಾಗೇ ಓಡ್ತಿತ್ತು. ಆದರೆ ಇಲ್ಲಿನ ಹುಲ್ಲುಗಾವಲಿನ ಕಪ್ಪು ಮಣ್ಣು, ಮಳೆ ಬಿದ್ದಾಗ ನಮ್ಮ ಎರೆಮಣ್ಣು ಇರುತ್ತಲ್ಲ, ಹಾಗೆ ಅಂಟು. ನಾಲ್ಕು ಹೆಜ್ಜೆಗೊಮ್ಮೆ ನಿಂತು ನೇಗಿಲು ಕೆರೆಯಬೇಕು.

1837ರಲ್ಲಿ ಡೀರ್ ಮುರಿದ ಗರಗಸದ ಉಕ್ಕನ್ನು ಬಾಗಿಸಿ ನೇಗಿಲು ಮಾಡಿದ. ನುಣುಪಾದ ಉಕ್ಕು, ಸರಿಯಾದ ಬಾಗು. ಮಣ್ಣು ಅಂಟದೆ ತಾನೇ ಜಾರಿ ಮಗುಚಿ ಬಿತ್ತು.

ಹಾಗಂತ ಅವನೇ ಮೊದಲಿಗನಲ್ಲ. ಅದೇ ರಾಜ್ಯದ ಜಾನ್ ಲೇನ್ 1833ರಲ್ಲೇ ಗರಗಸದ ಉಕ್ಕಿನ ನೇಗಿಲು ಮಾಡಿದ್ದ. ಡೀರ್ ಅಲ್ಲಿಗೇ ನಿಲ್ಲಿಸಲಿಲ್ಲ. ಆರ್ಡರ್‌ಗೆ ಕಾಯದೆ ಮೊದಲೇ ಮಾಡಿಟ್ಟು ಮಾರಿದ. ವಿನ್ಯಾಸವನ್ನು ತಿದ್ದುತ್ತಲೇ ಹೋದ. ಹಳೇ ಗರಗಸ ಎಷ್ಟು ಅಂತ ಸಿಗುತ್ತೆ? ಇಂಗ್ಲೆಂಡ್‌ನಿಂದ ಉಕ್ಕು ತರಿಸಿದ. 1848ರಲ್ಲಿ ಮಿಸಿಸಿಪ್ಪಿ ದಂಡೆಯ ಮೊಲೀನ್‌ಗೆ ಹೋದ. ಅಲ್ಲಿ ಯಂತ್ರ ತಿರುಗಿಸೋಕೂ ನದಿ, ಸರಕು ಸಾಗಿಸೋಕೂ ನದಿ. 1886ರಲ್ಲಿ ಅದೇ ಊರಲ್ಲಿ ತೀರಿಕೊಂಡ.

ಇದಕ್ಕೆ ಇನ್ನೊಂದು ಮುಖವೂ ಇದೆ. ಆ ನೆಲ ಖಾಲಿ ಇರಲಿಲ್ಲ. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಸಾಕ್ ಮೊದಲಾದ ಮೂಲನಿವಾಸಿಗಳನ್ನು ಓಡಿಸಿದ ಮೇಲೆ ಅಲ್ಲಿಗೆ ವಲಸೆ ಜೋರಾಯ್ತು. ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ ಇಲಿನಾಯ್‌ನ ಆ ಬಯಲಲ್ಲಿ ಇವತ್ತು ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ನೇಗಿಲು ಅಷ್ಟು ಚೆನ್ನಾಗಿ ಕೆಲಸ ಮಾಡ್ತು.

ಡೀರ್‌ನಿಂದ ನಾವು ಕಲಿಯಬೇಕಾದ್ದು ಎರಡು. ಬಳಸೋರ ದೂರನ್ನ ಕಿವಿಗೊಟ್ಟು ಕೇಳೋದು ಒಂದು. ನಾವು ಮಾಡಿದ್ದು ಗೆದ್ದ ಮೇಲೆ ಏನೆಲ್ಲ ಅಳಿಸಿಹೋಗುತ್ತೆ ಅಂತ ಯೋಚಿಸೋದು ಇನ್ನೊಂದು.