ಹೊಟ್ಟೆಯ ಆ್ಯಸಿಡ್ ವಿಷವೇ? ಗುಂಡೇಟಿನ ತೂತಿನಲ್ಲಿ ಉತ್ತರ ಕಂಡ ವೈದ್ಯನ ಕಥೆ

ಎದೆ ಉರಿದರೂ, ಹುಳಿತೇಗು ಬಂದರೂ, ಹೊಟ್ಟೆ ಉಬ್ಬಿದರೂ ನಮ್ಮಲ್ಲಿ ಒಂದೇ ಹೆಸರು: ಗ್ಯಾಸ್ಟ್ರಿಕ್. ಹೊಟ್ಟೆಯಲ್ಲಿ ಆ್ಯಸಿಡ್ ಇರುವುದೇ ಕಾಯಿಲೆ, ಇಂಥ ಕಷಾಯ ಕುಡಿದು ಅದನ್ನು ಪೂರ್ತಿ ತೊಳೆದುಬಿಡಿ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ?

ಅಲ್ಲ. ಇದಕ್ಕೆ ಉತ್ತರ ಸಿಕ್ಕು ಸುಮಾರು 200 ವರ್ಷಗಳಾದವು. ಅದನ್ನು ಕಣ್ಣಾರೆ ಕಂಡವರು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. ಅದಕ್ಕಾಗಿ ನೋವು ತಿಂದವರು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಬಡ ಕೆಲಸಗಾರ.

ಯಾರು ಈ ಬೋಮಾಂಟ್?

1785ರ ನವೆಂಬರ್ 21ರಂದು ಕನೆಕ್ಟಿಕಟ್‌ನ ಲೆಬನಾನ್ ಎಂಬ ಊರಿನ ರೈತ ಕುಟುಂಬದಲ್ಲಿ ಹುಟ್ಟಿದವರು. ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆಗಿನ ಪದ್ಧತಿಯಂತೆ ಹಿರಿಯ ವೈದ್ಯರ ಕೈಕೆಳಗೆ ದುಡಿದು ವಿದ್ಯೆ ಕಲಿತರು. 1812ರಲ್ಲಿ ಪರವಾನಗಿ ಪಡೆದು, ಬ್ರಿಟನ್ ಜೊತೆಗಿನ ಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ಕೊಟ್ಟರು. 1820ರಲ್ಲಿ ಮ್ಯಾಕಿನಾ ದ್ವೀಪದ ಕೋಟೆಗೆ ವೈದ್ಯರಾಗಿ ಬಂದರು. ಅದು ತುಪ್ಪಳದ ವ್ಯಾಪಾರಿಗಳು ಸೇರುತ್ತಿದ್ದ ಜಾಗ.

1822ರ ಜೂನ್ 6ರಂದು ಅಲ್ಲಿನ ಅಂಗಡಿಯಲ್ಲಿ ಆಕಸ್ಮಿಕವಾಗಿ ಬಂದೂಕು ಸಿಡಿಯಿತು. ತೀರಾ ಹತ್ತಿರದಲ್ಲಿದ್ದ ಸೇಂಟ್ ಮಾರ್ಟಿನ್ ಅವರ ಎಡ ಪಕ್ಕೆಗೆ ಏಟು ಬಿತ್ತು. ಕೆನಡಾದ ಫ್ರೆಂಚ್ ಮಾತಿನ ಈ ಯುವಕ ತುಪ್ಪಳ ಕಂಪನಿಯ ಕೆಲಸಗಾರ. ಪಕ್ಕೆಲುಬು ಮುರಿದು, ಹೊಟ್ಟೆಯೇ ತೂತಾಗಿತ್ತು. ಬದುಕುತ್ತಾರೆಂದು ಬೋಮಾಂಟ್ ಅವರಿಗೂ ನಂಬಿಕೆ ಇರಲಿಲ್ಲ. ಆದರೆ ಬದುಕಿದರು. ಮೊದಮೊದಲು ತಿಂದದ್ದೆಲ್ಲ ಗಾಯದಿಂದಲೇ ಹೊರಗೆ ಬರುತ್ತಿತ್ತು. ಕ್ರಮೇಣ ಗಾಯ ಮಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಜಠರದ ಒಳಪದರದ ಒಂದು ಮಡಿಕೆ ಬೆಳೆದು ಅದಕ್ಕೆ ಮುಚ್ಚಳದಂತೆ ಕೂತಿತು. ಬೆರಳಿನಿಂದ ಅದನ್ನು ಒತ್ತಿದರೆ ಒಳಗಿನದು ಕಾಣುತ್ತಿತ್ತು.

ಬಡವರ ಖಾತೆಯಿಂದ ಇನ್ನು ಖರ್ಚು ಕೊಡಲಾಗದೆಂದು ಸ್ಥಳೀಯ ಆಡಳಿತ ಕೈಚೆಲ್ಲಿದಾಗ, ಬೋಮಾಂಟ್ ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರಿಂದ ಮನೆಗೆಲಸವನ್ನೂ ಮಾಡಿಸಿದರು, ಅವರ ಮೇಲೆ ಪ್ರಯೋಗವನ್ನೂ ಮಾಡಿದರು.

ದಾರಕ್ಕೆ ಕಟ್ಟಿದ ಊಟ

ಹೊಟ್ಟೆ ಆಹಾರವನ್ನು ರುಬ್ಬುತ್ತದೆಯೇ, ಕೊಳೆಸುತ್ತದೆಯೇ, ಇಲ್ಲ ಶಾಖದಿಂದ ಬೇಯಿಸುತ್ತದೆಯೇ? ಆಗಿನ ವೈದ್ಯರಲ್ಲಿ ಒಮ್ಮತ ಇರಲಿಲ್ಲ. 1825ರ ಆಗಸ್ಟ್ 1ರಂದು ಬೋಮಾಂಟ್ ಮಾಂಸ, ಬ್ರೆಡ್, ಹಸಿ ಎಲೆಕೋಸಿನ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ತೂತಿನ ಮೂಲಕ ಒಳಗೆ ಇಳಿಬಿಟ್ಟರು. ಗಂಟೆಯ ನಂತರ ಎಳೆದು ನೋಡಿದರೆ ಬ್ರೆಡ್ಡು, ಕೋಸು ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಅಂದು ಸೇಂಟ್ ಮಾರ್ಟಿನ್ ಅವರಿಗೆ ಎದೆಯ ಭಾಗದಲ್ಲಿ ಸಂಕಟವಾಯಿತು ಎಂದೂ ಬೋಮಾಂಟ್ ಬರೆದಿಟ್ಟಿದ್ದಾರೆ.

ಮುಂದೆ ಅವರು ಜಠರರಸವನ್ನು ಹೊರಗೆ ತೆಗೆದು ಸೀಸೆಯಲ್ಲಿ ಮಾಂಸದ ಜೊತೆ ಇಟ್ಟು, ದೇಹದಷ್ಟೇ ಬೆಚ್ಚಗಿಟ್ಟರು. ಅಲ್ಲೂ ಮಾಂಸ ಕರಗಿತು. ಅಂದರೆ ಕೆಲಸ ಮಾಡುತ್ತಿದ್ದುದು ಆ ರಸ! ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆಯೆಂದು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞರು ತಿಳಿಸಿದರು. ಪ್ರಾಣಿಗಳ ಜಠರದಲ್ಲಿ ಈ ಆಮ್ಲವನ್ನು ಲಂಡನ್ನಿನ ವಿಲಿಯಂ ಪ್ರೌಟ್ ಅದಕ್ಕೂ ಮೊದಲೇ ಗುರುತಿಸಿದ್ದರು. ಜೀವಂತ ಮನುಷ್ಯನಲ್ಲಿ ಅದರ ಕೆಲಸವನ್ನು ವರ್ಷಗಟ್ಟಲೆ ನೋಡಿ ದಾಖಲಿಸಿದ್ದು ಬೋಮಾಂಟ್ ಅವರ ಹೆಚ್ಚುಗಾರಿಕೆ.

ಇನ್ನೊಂದು ಸಂಗತಿ ಇಂದಿಗೂ ಮುಖ್ಯ. ಕೆಲವು ಸಲ ಜಠರದ ಒಳಪದರ ಕೆಂಪಾಗಿ ಹುಣ್ಣಾದಂತೆ ಕಾಣುತ್ತಿತ್ತು, ಆದರೂ ಸೇಂಟ್ ಮಾರ್ಟಿನ್ ನೋವಿದೆ ಎನ್ನುತ್ತಿರಲಿಲ್ಲ. ಒಳಗಿನ ಸ್ಥಿತಿಗೂ ಹೊರಗಿನ ಲಕ್ಷಣಕ್ಕೂ ಯಾವಾಗಲೂ ತಾಳೆಯಾಗುವುದಿಲ್ಲ. ಇಂದು ಅಗತ್ಯವಿದ್ದಾಗ ವೈದ್ಯರು ಎಂಡೋಸ್ಕೋಪಿ ಮಾಡಿಸಲು ಹೇಳುವುದು ಇದೇ ಕಾರಣಕ್ಕೆ.

ಒಪ್ಪಂದಕ್ಕೆ ಹೆಬ್ಬೆರಳಲ್ಲ, ಒಂದು ಗೀಟು

1825ರಲ್ಲೇ ಸೇಂಟ್ ಮಾರ್ಟಿನ್ ಹೇಳದೆ ಕೆನಡಾಕ್ಕೆ ಹೊರಟುಹೋದರು. ಮದುವೆಯಾಗಿ, ಮಕ್ಕಳಾದ ಮೇಲೆ 1829ರಲ್ಲಿ ಮರಳಿದರು. 1832ರಲ್ಲಿ ವರ್ಷಕ್ಕೆ 150 ಡಾಲರ್, ಊಟ, ವಸತಿಗೆ ಒಪ್ಪಂದವಾಯಿತು. ಓದುಬರಹ ಬಾರದ ಅವರು ಸಹಿಯ ಜಾಗದಲ್ಲಿ ಗುರುತು ಹಾಕಿದರು. 1833ರಲ್ಲಿ ಬೋಮಾಂಟ್ ಅವರ ಪುಸ್ತಕ ಪ್ರಕಟವಾಯಿತು. ಅದರಲ್ಲಿ 200ಕ್ಕೂ ಹೆಚ್ಚು ಪ್ರಯೋಗಗಳಿದ್ದವು. ಮರುವರ್ಷ ಊರಿಗೆ ಹೋದ ಸೇಂಟ್ ಮಾರ್ಟಿನ್ ಎಷ್ಟು ಕರೆದರೂ ಬೋಮಾಂಟ್ ಬಳಿಗೆ ಮತ್ತೆ ಬರಲಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ನೆಲೆಸಿದ್ದ ಬೋಮಾಂಟ್ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು, 1853ರ ಏಪ್ರಿಲ್ 25ರಂದು ತೀರಿಕೊಂಡರು. ಹೊಟ್ಟೆಯಲ್ಲಿ ತೂತಿದ್ದ ಸೇಂಟ್ ಮಾರ್ಟಿನ್ 1880ರವರೆಗೆ ಬದುಕಿದರು! ವೈದ್ಯರು ದೇಹ ಕೊಂಡೊಯ್ಯಬಾರದೆಂದು ಮನೆಯವರು ಅದು ಕೊಳೆಯುವವರೆಗೂ ಇಟ್ಟುಕೊಂಡು, ಆಮೇಲೆ ಆಳವಾದ ಗುಂಡಿಯಲ್ಲಿ ಹೂಳಿದರು. ಆ ಕುಟುಂಬದ ಮನಸ್ಸು ಎಷ್ಟು ನೊಂದಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. ಇಂದು ಇಂಥ ಪ್ರಯೋಗಕ್ಕೆ ರೋಗಿಯ ಮುಕ್ತ ಒಪ್ಪಿಗೆ ಕಡ್ಡಾಯ.

ಹಾಗಾದರೆ ಎದೆಯುರಿ ಏಕೆ?

ಜಠರದ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಷ್ಟು ರಕ್ಷಣೆ ಇಲ್ಲ. ಇವೆರಡರ ನಡುವಿನ ಸ್ನಾಯುವಿನ ಬಿಗಿ ಸಡಿಲವಾದರೆ ಆ್ಯಸಿಡ್ ಮೇಲಕ್ಕೆ ನುಗ್ಗಿ ಉರಿಯುತ್ತದೆ. ಅಂದರೆ ಆ್ಯಸಿಡ್ ಇರುವುದು ತೊಂದರೆಯಲ್ಲ, ಅದು ಇರಬಾರದ ಜಾಗಕ್ಕೆ ಬರುವುದು ತೊಂದರೆ. ಆಹಾರ ಜೀರ್ಣಿಸಲು, ಊಟದ ಜೊತೆ ಬಂದ ಕ್ರಿಮಿಗಳನ್ನು ಕೊಲ್ಲಲು ಅದು ಬೇಕೇ ಬೇಕು.

ನೀವು ಮಾಡಬಹುದಾದದ್ದು:

• ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ.
• ಮಂಚದ ತಲೆಯ ಕಡೆಯನ್ನು ಎತ್ತರಿಸಿ. ಎಡಮಗ್ಗುಲಾಗಿ ಮಲಗಿ.
• ಹೆಚ್ಚಿನ ತೂಕ ಇಳಿಸಿ. ಬೀಡಿ, ಸಿಗರೇಟು, ಮದ್ಯ ಬಿಡಿ.
• ಆ್ಯಸಿಡ್ ಕಡಿಮೆ ಮಾಡುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನೀವೇ ಕೊಂಡು ನುಂಗಬೇಡಿ. ವೈದ್ಯರನ್ನು ಕೇಳಿ.
• ನುಂಗಲು ಕಷ್ಟ, ರಕ್ತವಾಂತಿ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡದೆ ತೋರಿಸಿ.
• ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿ. ಅದು ಹೃದಯಾಘಾತ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಆ್ಯಸಿಡ್ ತೊಳೆದುಬಿಡಿ ಎನ್ನುವ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ ಈ ಕೊನೆಯ ಎರಡು ಸಾಲುಗಳನ್ನು ಮನೆಯವರಿಗೆ ಕಳಿಸಿ.